ಮಂದೆಯಿಂದ ಬಂದ ಮೋಡ

ಎಲ್ಲ ಮನೆಗಳಲ್ಲೂ ಎರಡು ಥರದ ಜನ ಇರುತ್ತಾರೆ. ನೆಲ ಒರೆಸುವವರು ಒಬ್ಬರು, ಒರೆಸಿದ ನೆಲ ಆರುವ ಮುಂಚೆ ಅದರ ಮೇಲೆ ನಡೆದು ಹೋಗುವವರು ಇನ್ನೊಬ್ಬರು. ನಾನು ಎರಡನೆಯ ಗುಂಪಿಗೆ ಸೇರಿದವನು. ಬೇಕೆಂದು ನಡೆಯುವುದಿಲ್ಲ, ದೇವರಾಣೆ. ಆ ಹೊತ್ತಿಗೆ ನಾನು ಇನ್ನೆಲ್ಲೋ ಇರುತ್ತೇನೆ, ಕಾಲು ಮಾತ್ರ ಮನೆಯಲ್ಲಿರುತ್ತದೆ. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿರುವ ನಾನು ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಗುಡ್ಡದ ಮೇಲೆ ನಿಧಾನವಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತಾ ಕುಳಿತರೆ ಮುಗಿಯಿತು, ಇಳಿಯಬೇಕಾದ ಸ್ಟಾಪು ಯಾವಾಗ ಹಿಂದಕ್ಕೆ ಹೋಯಿತೋ ತಿಳಿಯುವುದಿಲ್ಲ. ಈಗ ಕಂಡಕ್ಟರುಗಳಿಗೆಲ್ಲ ಅಭ್ಯಾಸವಾಗಿದೆ. "ಮೇಷ್ಟ್ರೇ, ಏಳ್ರಿ, ಹೊಳಲ್ಕೆರೆ ಬಂತು" ಎಂದು ಭುಜ ತಟ್ಟುತ್ತಾರೆ. "ನಾನು ಮಲಗಿರಲಿಲ್ಲಪ್ಪ" ಎಂದು ಹೇಳುವುದನ್ನು ನಾನೂ ಬಿಟ್ಟಿದ್ದೇನೆ.

ನನ್ನ ಹೆಂಡತಿ ಸುಮಂಗಲಾ ಮೊದಲನೆಯ ಗುಂಪಿನವಳು. ಹಿರಿಯೂರಿನ ಹೆಣ್ಣು, ಮಾತು ಸ್ವಲ್ಪ ಬಿಸಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡು ಬ್ಲೌಸು ಹೊಲಿಯುತ್ತಾಳೆ. ಅವಳ ಕೈ ಎಂಥದ್ದೆಂದರೆ ಹೊಸದುರ್ಗದಿಂದಲೂ ಮದುವೆ ಮನೆಯವರು ರೇಷ್ಮೆ ಬಟ್ಟೆ ಹಿಡಿದು ಬರುತ್ತಾರೆ. ಊರಾಚೆ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿದಾಗ ಗೋಡೆ, ಕಿಟಕಿ, ಬಾಗಿಲು ಯಾವುದರಲ್ಲೂ ಅವಳು ತಲೆ ಹಾಕಲಿಲ್ಲ. ನೆಲ ಮಾತ್ರ ತನ್ನದು ಎಂದಳು. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಒಂದೊಂದು ಟೈಲ್ಸಿನ ಮೇಲೂ ನಡೆದು ನೋಡಿ, ಕೊನೆಗೆ ಕೆನೆಹಾಲಿನ ಬಣ್ಣದ್ದನ್ನು ಆರಿಸಿದಳು. ಮನೆಯಲ್ಲಿ ಮೇಜಿದ್ದರೂ ಬಟ್ಟೆ ಕತ್ತರಿಸುವುದು ಆ ನೆಲದ ಮೇಲೇ. ನೆಲದ ಮೇಲೆ ಕೂತರೇ ಕತ್ತರಿ ತನ್ನ ಮಾತು ಕೇಳುವುದಂತೆ. ಹೀಗೆ ನಮ್ಮ ಮನೆಯಲ್ಲಿ ನೆಲವೆಂದರೆ ಬರೀ ನೆಲವಲ್ಲ, ಅವಳ ಅಂಗಡಿ, ಅವಳ ಸಂಪಾದನೆ, ಅವಳ ಮರ್ಯಾದೆ. ಇಂಥ ನೆಲದ ಮೇಲೆ ನಾನು ಒಂದು ನಾಯಿಮರಿಯನ್ನು ತಂದು ಬಿಟ್ಟೆ.

ತಂದದ್ದು ಹೀಗೆ. ಸುಗ್ಗಿ ಮುಗಿದ ಮೇಲೆ ನಮ್ಮ ಬಡಾವಣೆಯ ಆಚೆ ಇರುವ ಹೊಲಕ್ಕೆ ಹಿರೇಗುಂಟನೂರು ಕಡೆಯ ಕುರಿಮಂದೆಯೊಂದು ಬಂದು ಬೀಡು ಬಿಟ್ಟಿತ್ತು. ನಮ್ಮ ಕಡೆ ಹೊಲದವರೇ ಮಂದೆಯವರನ್ನು ಕರೆದು, ಕಾಳು ಕೊಟ್ಟು, ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಕುರಿಗಳು ಮಲಗಿದಲ್ಲೇ ಗೊಬ್ಬರವಾಗುತ್ತದಲ್ಲ, ಅದಕ್ಕೆ. ನಾನು ಮೊಸರು ತರಲು ಹೊರಟವನು ಸಂಜೆಯ ಕೆಂಪು ಧೂಳಿನಲ್ಲಿ ಕುರಿಗಳು ಒಂದರ ಮೇಲೊಂದು ಉರುಳಿಕೊಂಡು ಬರುವುದನ್ನು ನೋಡುತ್ತಾ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮಂದೆಯ ಯಜಮಾನ ಜುಂಜಪ್ಪನಿಗೆ ನನ್ನನ್ನು ನೋಡಿ ನೋಡಿ ಸಾಕಾಗಿರಬೇಕು. "ಏನಪ್ಪ ಮೇಷ್ಟ್ರೇ, ಆಗ್ಲಿಂದ ನಿಂತೇ ಇದೀರಲ್ಲ, ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ. ಅಲ್ಲಿ ಕುರಿಮರಿಗಳ ಮಧ್ಯೆ ಬೂದು ಬಣ್ಣದ ಒಂದು ನಾಯಿಮರಿ ಕತ್ತು ಎತ್ತಿ ಆಕಾಶ ನೋಡುತ್ತಾ ಕೂತಿತ್ತು. ಪಕ್ಕದಲ್ಲೇ ಕುರಿಮರಿಯೊಂದು ಅದರ ಕಿವಿ ಅಗಿಯುತ್ತಿದ್ದರೂ ಅದಕ್ಕೆ ಪರಿವೆಯಿರಲಿಲ್ಲ.

"ಇದರವ್ವ ನೋಡ್ರಿ, ಒಂದು ಎಲೆ ಅಲ್ಲಾಡಿದ್ರೆ ಎದ್ದು ಬೊಗಳ್ತಾಳೆ. ಇದು ಮಾತ್ರ ಹಿಂಗೇ ಮೋಡ ನೋಡ್ಕಂಡು ಕುಂತಿರ್ತೈತೆ. ತೋಳ ಬಂದ್ರೂ ನೋಡ್ಕಂಡೇ ಕುಂತಿರ್ತೈತೆ" ಎಂದು ಜುಂಜಪ್ಪ ನಿಟ್ಟುಸಿರುಬಿಟ್ಟ. ಥೇಟ್ ನಮ್ಮ ಹೆಡ್‌ಮಾಸ್ಟರು ನನ್ನ ಬಗ್ಗೆ ಬಿಡುವ ನಿಟ್ಟುಸಿರು. ನನಗೆ ಆ ಕ್ಷಣದಲ್ಲೇ ಆ ಮರಿಯ ಮೇಲೆ ಮನಸ್ಸು ಹೋಯಿತು. ಕೇಳಿದೆ. ಅವನು ಕೊಟ್ಟ. "ನಾವು ಗದ್ದೆ ಸೀಮೆ ಕಡೆ ಹೋಗಿ ಮಳೆ ಹಿಡಿಯೋ ಹೊತ್ತಿಗೆ ಇದೇ ದಾರೀಲಿ ವಾಪಸ್ ಬರ್ತೀವಿ. ನಿಮ್ಮನ್ಯಾಗೆ ಒಗ್ಗಿದ್ರೆ ಸೈ, ಒಗ್ಗದಿದ್ರೆ ಕರ್ಕಂಡು ಹೋಗ್ತೀನಿ. ಬೆಳೆದ ಮೇಲಾದ್ರೂ ಬುದ್ಧಿ ಬಂದಾತು" ಎಂದ. ಮರಿ ಬೆಚ್ಚಗಿರಲೆಂದು ಕಂಬಳಿಯ ಒಂದು ಹರಕನ್ನೂ ಕೊಟ್ಟ. ಮೊಸರಿನ ಪಾತ್ರೆಯಲ್ಲಿ ಮರಿಯನ್ನು ಕೂರಿಸಿಕೊಂಡು ಮನೆಗೆ ಬಂದೆ.

ಸುಮಂಗಲಾ ಪಾತ್ರೆಯೊಳಗೆ ಬಗ್ಗಿ ನೋಡಿದಳು. "ಮೊಸರೆಲ್ಲಿ?" ಎಂದಳು. ನಾನು ಮಂದೆ, ಸಂಜೆ, ಧೂಳು, ಜುಂಜಪ್ಪ ಎಂದೆಲ್ಲ ಹೇಳುತ್ತಿರುವಾಗಲೇ ಮರಿ ಪಾತ್ರೆಯಿಂದ ಇಳಿದು, ಮನೆಯನ್ನೊಮ್ಮೆ ಗಂಭೀರವಾಗಿ ನೋಡಿ, ಕೋಣೆಯ ನಟ್ಟನಡುವೆ ಕುಳಿತು, ಕೆನೆಹಾಲಿನ ನೆಲದ ಮೇಲೆ ಒಂದು ಕೆರೆ ಮಾಡಿತು. ನನ್ನ ಕಣ್ಣು ಡ್ರಾಯಿಂಗ್ ಮೇಷ್ಟ್ರ ಕಣ್ಣು. "ನೋಡು, ಅಂಚು ಎಷ್ಟು ಚೆನ್ನಾಗಿ ಬಂದಿದೆ" ಎಂದುಬಿಟ್ಟೆ. "ಅಂಚು ನೋಡ್ತಾ ಕುಂತ್ಕಂಡ್ರಾ? ಒರೆಸ್ರಿ!" ಎಂದು ಬಟ್ಟೆ ಎಸೆದಳು. ನಮ್ಮ ಜಿಲ್ಲೆಯ ಆಕಾಶದಲ್ಲಿ ಮೋಡಗಳಿಗೇನೂ ಕಡಿಮೆಯಿಲ್ಲ. ಬರುತ್ತವೆ, ಕೋಟೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತವೆ, ಒಂದು ಹನಿಯನ್ನೂ ಉದುರಿಸದೆ ಮುಂದೆ ಹೋಗುತ್ತವೆ. ಹೋದಲ್ಲೆಲ್ಲ ಸುರಿಸುವ ಮೋಡ ನಮ್ಮ ಮನೆಗೆ ಬಂದದ್ದೇ ಮೊದಲು. ಹಾಗಾಗಿ ಮರಿಗೆ ಮೋಡ ಎಂದೇ ಹೆಸರಿಟ್ಟೆ.

ಮೋಡನಿಗೆ ಹೊರಗೆ ಹೋಗಿ ಬರುವುದನ್ನು ಕಲಿಸುವುದು ಎರಡು ದಿನದ ಕೆಲಸ ಎಂದುಕೊಂಡಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಬೇಸಿಗೆ ರಜೆ ಬೇರೆ ಶುರುವಾಗಿತ್ತು. ಆದರೆ ಅದನ್ನು ಹೊರಗೆ ಕರೆದುಕೊಂಡು ಹೋದರೆ ಮಣ್ಣಿನ ಮೇಲೆ ಕೂತು ಆಕಾಶ ನೋಡುತ್ತಿತ್ತು. ಒಳಗೆ ಬಂದ ತಕ್ಷಣ ತನ್ನ ಕಂಬಳಿ ಹರಕನ್ನು ಬಾಯಲ್ಲಿ ಎಳೆದುಕೊಂಡು ಹೋಗಿ, ಎಲ್ಲಿ ಹಾಸಿಕೊಂಡಿತೋ ಅಲ್ಲೇ ಕೆಲಸ ಮುಗಿಸುತ್ತಿತ್ತು. ಮುಗಿಸಿ, ಬಾಲ ಅಲ್ಲಾಡಿಸಿಕೊಂಡು, ಶಾಭಾಸ್ ಅನ್ನಿಸಿಕೊಳ್ಳುವವನ ಹಾಗೆ ನಮ್ಮ ಮುಖ ನೋಡುತ್ತಿತ್ತು. ಈ ಮುಖಭಾವ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಂದು ಮಧ್ಯಾಹ್ನ ನೆಲ ಒರೆಸುತ್ತಾ ಒರೆಸುತ್ತಾ ಹೊಳೆಯಿತು. ಪಾಪ, ಅದು ಹುಟ್ಟಿದಾಗಿನಿಂದ ನೋಡಿದ್ದೇನು? ಕಂಬಳಿ ಹಾಸಿದಲ್ಲಿ ಮಲಗುವುದು, ಮಲಗಿದಲ್ಲಿ ಗೊಬ್ಬರ ಮಾಡುವುದು, ಹೊಲದವರು ಬಂದು ಕೈಮುಗಿದು ಮುಂದಿನ ವರ್ಷವೂ ಬನ್ನಿ ಎನ್ನುವುದು. ಅದರ ಮನೆತನದ ಕಸುಬೇ ಅದು! ನಮ್ಮ ಮನೆಗೆ ಬಂದ ದಿನದಿಂದ ಅದು ಒಂದು ಹೊತ್ತೂ ತಪ್ಪಿಸದೆ ನಮ್ಮ ಟೈಲ್ಸಿಗೆ ಗೊಬ್ಬರ ಹಾಕುತ್ತಿತ್ತು.

ಇದನ್ನು ಸುಮಂಗಲಾಗೆ ಹೇಳಿದೆ. ಎರಡು ಹೊತ್ತು ಊಟ ಹಾಕುವವರ ಋಣ ತೀರಿಸುತ್ತಿದೆ ಕಣೇ, ಎಂಥ ಸ್ವಾಭಿಮಾನ ನೋಡು ಎಂದೆ. "ಹಂಗಾದ್ರೆ ನಿಮ್ಮ ಹಾಸಿಗೆ ಮೇಲೆ ಬೆಳೆ ತೆಗೀರಿ" ಎಂದಳು. ಆದರೂ ಅಲ್ಲಿಯವರೆಗೆ ಅವಳ ಸಿಟ್ಟಿನಲ್ಲಿ ಸ್ವಲ್ಪ ನಗುವೂ ಇತ್ತು. ಹೊಸದುರ್ಗದ ಮದುಮಗಳ ರೇಷ್ಮೆ ಬ್ಲೌಸಿನ ದಿನ ಅದೂ ಹೋಯಿತು. ಬಟ್ಟೆಯನ್ನು ನೆಲದ ಮೇಲೆ ಹರಡಿ, ಗುರುತು ಹಾಕಿ, ಕತ್ತರಿ ತರಲು ಅವಳು ಒಳಗೆ ಹೋಗಿದ್ದಳು. ಮರಿಯನ್ನು ನೋಡಿಕೊಳ್ಳಬೇಕಾದ ನಾನು ಕಿಟಕಿಯಲ್ಲಿ ಕೋಟೆಯ ಬಂಡೆಗಳ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತಿದ್ದೆ. ಹೊಸ ಕಂಬಳಿ ಹಾಸಿದ್ದಾರೆ ಎಂದು ಮೋಡ ತಿಳಿದುಕೊಂಡಿತು. ಸುಮಂಗಲಾ ಕೂಗಾಡಲಿಲ್ಲ. ಬಟ್ಟೆಯನ್ನು ಬಾಚಿಕೊಂಡು ಬಚ್ಚಲಿಗೆ ಓಡಿದಳು. ಕಲೆ ಹೋಯಿತು, ಆದರೆ ಆ ದಿನ ಅವಳು ಕತ್ತರಿ ಮುಟ್ಟದೆ ಬಟ್ಟೆ ಮಡಚಿಟ್ಟಳು. ಅದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು.

ಸಂಜೆ ಚಹಾ ಕೊಡುತ್ತಾ ಅವಳು ತೀರ್ಪು ಹೇಳಿದಳು. "ನೋಡ್ರಿ, ನನಗೂ ಅದರ ಮೇಲೆ ದ್ವೇಷ ಇಲ್ಲ. ಆದ್ರೆ ಜನ ನನ್ನ ನಂಬಿ ಬಟ್ಟೆ ಕೊಟ್ಟಿರ್ತಾರೆ. ರಜ ಮುಗಿದ ಮೇಲೆ ನೀವು ಬಸ್ ಹತ್ತಿ ಹೋಗ್ತೀರಾ, ನಾನು ಮಿಷನ್ ತುಳೀಲಾ, ಇದರ ಹಿಂದೆ ಓಡಾಡ್ಲಾ? ಆ ಜುಂಜಪ್ಪ ವಾಪಸ್ ಬರೋದ್ರೊಳಗೆ ಅದು ತಾನಾಗೇ ಬಾಗಿಲ ಹತ್ರ ಹೋಗಿ ಬಾಯಿಬಿಟ್ಟು ಕೇಳ್ಬೇಕು. ನೀವು ಎತ್ಕಂಡು ಹೋದ್ರೆ ಲೆಕ್ಕಕ್ಕಿಲ್ಲ. ಕೇಳಿದ್ರೆ ಇರ್ಲಿ, ಕೇಳದಿದ್ರೆ ಅವನ ಜೊತೆ ಹೋಗ್ಲಿ." ನ್ಯಾಯವಾದ ಮಾತು.

ಅಂದಿನಿಂದ ನಾನು ಬೆಳಕು ಹರಿಯುವ ಮುಂಚೆಯೇ ಏಳತೊಡಗಿದೆ. ಪಕ್ಕದ ಖಾಲಿ ಸೈಟಿನಲ್ಲಿ ಮೋಡನನ್ನು ಬಿಟ್ಟು ಕಾಯುತ್ತಾ ನಿಲ್ಲುವುದು. ಒಂದು ನಾಯಿಮರಿ ಉಚ್ಚೆ ಹೊಯ್ಯಲಿ ಎಂದು ಕಾಯುವುದಕ್ಕಿಂತ ಪ್ರಶಾಂತವಾದ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಬೇರೆ ಏನೂ ಮಾಡುವ ಹಾಗಿಲ್ಲ, ಅವಸರ ಪಡಿಸುವ ಹಾಗಿಲ್ಲ. ಬಂಡೆಗಳು ಮೊದಲು ಮಸಿಯ ಬಣ್ಣ, ಆಮೇಲೆ ನೇರಳೆ, ಆಮೇಲೆ ನಿಧಾನವಾಗಿ ಹುರಿದ ಕಡಲೆಯ ಬಣ್ಣಕ್ಕೆ ತಿರುಗುತ್ತವೆ. ಗಾಳಿಯಂತ್ರಗಳು ನಿದ್ದೆಗಣ್ಣಿನಲ್ಲೇ ತಿರುಗುತ್ತಿರುತ್ತವೆ. ದೂರದಲ್ಲಿ ಮೊದಲ ಬಸ್ಸು ದೀಪ ಹಾಕಿಕೊಂಡು ಹೋಗುತ್ತದೆ. ಮೋಡನೂ ನಾನೂ ಪಕ್ಕಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆವು. ಯಾತಕ್ಕೆ ಬಂದಿದ್ದೇವೆ ಎಂಬುದು ಇಬ್ಬರಿಗೂ ಮರೆತು ಹೋಗುತ್ತಿತ್ತು. ಮನೆಗೆ ಬಂದ ಮೇಲೆ ಅದಕ್ಕೆ ನೆನಪಾಗುತ್ತಿತ್ತು.

ಹಾಲು ಹಾಕುವ ರುದ್ರಣ್ಣ ದಿನಾ ಸೈಕಲ್ ನಿಲ್ಲಿಸಿ ಮರಿಯನ್ನೂ ನನ್ನನ್ನೂ ನೋಡುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದ: "ಮೇಷ್ಟ್ರೇ, ಸ್ಕೂಲಾಗೆ ಹುಡುಗ್ರಿಗೆ ಹೆಂಗೆ ಕಲಿಸ್ತೀರಿ?"

"ಮೊದಲು ನಾನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಆಮೇಲೆ ಅವರು ಬರೆಯುತ್ತಾರೆ" ಎಂದೆ.

"ಮತ್ತೆ ಇದಕ್ಕೂ ಹಂಗೇ ತೋರಿಸ್ರಿ" ಎಂದು ಸೈಕಲ್ ಹತ್ತಿ ಹೋದ.

ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ತಿಳಿಯಲಿಲ್ಲ. ಆದರೆ ಶಿಕ್ಷಣದ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಸುತ್ತಮುತ್ತ ಯಾರೂ ಇರಲಿಲ್ಲ. ಮೋಡ ಬಹಳ ಗಮನವಿಟ್ಟು ನನ್ನನ್ನೇ ನೋಡುತ್ತಿತ್ತು. ಆಮೇಲೆ ಏನಾಯಿತೆಂದು ದಯವಿಟ್ಟು ಕೇಳಬೇಡಿ. ಮರಿ ಏನೂ ಕಲಿಯಲಿಲ್ಲ ಎಂದಷ್ಟೇ ಹೇಳಬಲ್ಲೆ.

ಕೊನೆಗೆ ನನ್ನ ತಲೆಗೇ ಒಂದು ಉಪಾಯ ಬಂತು. ಮಂದೆ ತಂಗಿದ್ದ ಹೊಲಕ್ಕೆ ಹೋಗಿ ಒಂದು ಚೀಲ ಕುರಿಹಿಕ್ಕೆ ಆರಿಸಿಕೊಂಡು ಬಂದೆ. ಖಾಲಿ ಸೈಟಿನ ಮೂಲೆಯಲ್ಲಿ ಅದನ್ನು ಹರಡಿ, ಮೇಲೆ ಕಂಬಳಿ ಹರಕನ್ನು ಹಾಸಿದೆ. ಮೋಡ ಅಲ್ಲಿ ಮೂಸಿತು. ಕಿವಿ ನೆಟ್ಟಗಾಯಿತು. ಸುತ್ತಿತು, ಕಣ್ಣು ಅರ್ಧ ಮುಚ್ಚಿತು, ತವರಿಗೆ ಬಂದವರ ಹಾಗೆ ನಿರಾಳವಾಗಿ ಕುಳಿತು ಹೊಯ್ದಿತು. ನಾನು ಚಪ್ಪಾಳೆ ತಟ್ಟಿ ಕುಣಿದೆ. ಸುಮಂಗಲಾ ಕಿಟಕಿಯಿಂದ ನೋಡುತ್ತಿದ್ದವಳು, "ಯಾರಾದ್ರೂ ನೋಡಿದ್ರೆ ಮೊದ್ಲು ನಿಮ್ಮನ್ನ ಕಟ್ಟಾಕ್ತಾರೆ, ಒಳಗೆ ಬರ್ರಿ" ಎಂದಳು. ಆಮೇಲಾಮೇಲೆ ಕಂಬಳಿಯೂ ಬೇಕಾಗಲಿಲ್ಲ, ಹೊರಗೆ ಬಿಟ್ಟರೆ ಸಾಕು, ಮೂಲೆಗೆ ಹೋಗುತ್ತಿತ್ತು. ಆದರೆ ನಾನೇ ಎತ್ತಿಕೊಂಡು ಹೋಗಬೇಕಿತ್ತು. ಸ್ವಲ್ಪ ಮೈಮರೆತರೆ ಒಳಗೇ. ಬಾಗಿಲ ಮುಂದೆ ನಿಲ್ಲಿಸಿಕೊಂಡು, "ಹೋಗಾಣೇನೋ ಮೋಡ? ಹಿಂಗೆ ಕೇಳ್ಬೇಕು, ಕುಂಯ್ ಅನ್ಬೇಕು" ಎಂದು ನಾನು ಕುಂಯ್‌ಗುಟ್ಟಿ ತೋರಿಸುತ್ತಿದ್ದೆ. ಅದು ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಿತ್ತು. ಒಂದು ದಿನವೂ ಬಾಯಿಬಿಡಲಿಲ್ಲ.

ಇಷ್ಟರ ಮಧ್ಯೆ ಮಧ್ಯಾಹ್ನಗಳು ಮಾತ್ರ ಬಹಳ ಚೆನ್ನಾಗಿದ್ದವು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕಿಟಕಿಯ ಪರದೆ ಎಳೆದ ನಸುಗತ್ತಲು. ಫ್ಯಾನು ಸುತ್ತುತ್ತಿರುತ್ತದೆ. ಸುಮಂಗಲಾಳ ಮಿಷನ್ನು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಮೋಡ ಆ ಸದ್ದು ಕೇಳುತ್ತಾ ಅವಳ ಪೆಡಲಿನ ಪಕ್ಕದಲ್ಲೇ ಮಲಗಿರುತ್ತಿತ್ತು. ನಾನು ಗೋಡೆಗೆ ಒರಗಿ ಅದರ ಚಿತ್ರ ಬರೆಯುತ್ತಿದ್ದೆ. ಒಂದು ದಿನ ಮಿಷನ್ನು ಬಹಳ ಹೊತ್ತು ನಿಂತೇ ಇತ್ತು. ತಲೆ ಎತ್ತಿ ನೋಡಿದರೆ ಮರಿ ಅವಳ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು, ಅವಳು ಕಾಲು ಅಲ್ಲಾಡಿಸದೆ ಕೂತಿದ್ದಳು. ನಾನು ನೋಡಿದ್ದನ್ನು ನೋಡಿ, "ದಾರ ಹರೀತು, ಅದಕ್ಕೆ" ಎಂದಳು. ದಾರ ಹರಿದಿರಲಿಲ್ಲ. ನಾನು ಚಿತ್ರದಲ್ಲಿ ಅವಳ ಪಾದವನ್ನೂ ಸೇರಿಸಿದೆ.

ಮೇ ತಿಂಗಳ ಕೊನೆಗೆ ನಿಜವಾದ ಮೋಡಗಳು ಬರತೊಡಗಿದವು. ಜೀವಮಾನವಿಡೀ ಮೋಡ ಕಂಡರೆ ಹಿಗ್ಗುತ್ತಿದ್ದವನು ನಾನು. ಆ ಸಲ ಮಾತ್ರ ಒಂದೊಂದು ಮೋಡ ಕಂಡಾಗಲೂ ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ. ಮಳೆ ಬರಬೇಡ ಎಂದು ಚಿತ್ರದುರ್ಗ ಜಿಲ್ಲೆಯಲ್ಲಿ ಕೂತು ಬೇಡಿಕೊಂಡ ಮೊದಲ ಪಾಪಿ ನಾನೇ ಇರಬೇಕು. ಮರಿ ಹೋಗಿಬಿಡುತ್ತದೆ ಎಂದು ಅನ್ನ ಸೇರುತ್ತಿರಲಿಲ್ಲ. ನನ್ನ ಹಾಗೆ ಸುಮ್ಮನೆ ನಿಂತು ನೋಡುವ ಇನ್ನೊಂದು ಜೀವ ಇಷ್ಟು ವರ್ಷಕ್ಕೆ ಸಿಕ್ಕಿತ್ತು. ಅದನ್ನೂ ಕಳೆದುಕೊಂಡರೆ ಆ ಖಾಲಿ ಸೈಟಿನಲ್ಲಿ ನಾನೊಬ್ಬನೇ ನಿಲ್ಲಬೇಕು, ಅದೂ ಏನು ಕಾರಣ ಹೇಳಿಕೊಂಡು?

ಬಂದೇಬಿಟ್ಟರು. ಒಂದು ಬೆಳಿಗ್ಗೆ, ತಿಂಡಿ ಆದ ಮೇಲೆ, ಹೊಳಲ್ಕೆರೆ ರಸ್ತೆಯ ಕಡೆಯಿಂದ ಮಂದೆಯ ಗಂಟೆ ಕೇಳಿಸಿತು. ಅದರ ಹಿಂದೆಯೇ ಜುಂಜಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದ. ಒಳಗೆ ಕರೆದು ಕೂರಿಸಿದೆ. ಮಂದೆಯ ಸದ್ದಿಗೆ ಮರಿ ಓಡೀತೆಂದು ಬಾಗಿಲು ಹಾಕಿ ಚಿಲಕ ಏರಿಸಿದೆ. ಸುಮಂಗಲಾ ಚೊಂಬು ತುಂಬ ಮಜ್ಜಿಗೆ ಕೊಟ್ಟಳು. ಮೋಡ ಜುಂಜಪ್ಪನ ಕಂಬಳಿ ಮೂಸಿ, ಅವನ ಸುತ್ತ ತಿರುಗಿ, ಕೈ ನೆಕ್ಕಿ, ಉಳಿದ ಮಜ್ಜಿಗೆಯನ್ನೆಲ್ಲ ಕುಡಿಯಿತು. "ಲೇ, ಏನ್ ದಪ್ಪ ಆಗೀಯಲೇ!" ಎಂದು ಜುಂಜಪ್ಪ ನಕ್ಕ. ಆಮೇಲೆ ನಮ್ಮ ಕಡೆ ತಿರುಗಿ, "ಏನವ್ವಾ, ಒಗ್ಗಿತಾ? ಕರ್ಕಂಡು ಹೋಗ್ಲಾ?" ಎಂದ.

ಸುಮಂಗಲಾ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ. ಅದೇ ಹೊತ್ತಿಗೆ ಹೊರಗೆ ಮಂದೆ ನಮ್ಮ ಮನೆಯ ಮುಂದೆ ಹಾಯತೊಡಗಿತು. ನೂರಾರು ಗೊರಸುಗಳ ಸದ್ದು, ಬ್ಯಾ ಬ್ಯಾ ಎಂಬ ಕೂಗು, ಉಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಮೋಡ ಎದ್ದು ನಿಂತಿತು. ನೇರವಾಗಿ ಬಾಗಿಲ ಹತ್ತಿರ ಹೋಯಿತು. ತಿರುಗಿ ನನ್ನನ್ನು ನೋಡಿತು. "ಕುಂಯ್" ಎಂದಿತು.

ನನ್ನ ಎದೆ ಒಡೆದುಹೋಯಿತು. ಎರಡು ತಿಂಗಳು ನಾನೇ ಕುಂಯ್‌ಗುಟ್ಟಿ ಕಲಿಸಿದ ಮಾತನ್ನು ಅದು ಮೊದಲ ಸಲ ಆಡಿದ್ದು ನಮ್ಮನ್ನು ಬಿಟ್ಟು ತನ್ನವರ ಜೊತೆ ಹೋಗುವುದಕ್ಕೆ! ನಾನು ಓಡಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಅದನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬರುತ್ತಿತ್ತು, ಜುಂಜಪ್ಪನ ಮುಂದೆ ನಾಚಿಕೆಯೂ ಆಗಲಿಲ್ಲ. "ಹೋಗ್ತೀಯೇನೋ ಮೋಡ? ನಮ್ಮ ಮನೆ ಬೇಸರ ಆಯ್ತೇನೋ?" ಎಂದೆ. ಅದು ಕೊಸರಾಡಿ ಬಾಗಿಲು ಕೆರೆಯಿತು, ಇನ್ನೂ ಜೋರಾಗಿ ಕುಂಯ್ ಎಂದಿತು. "ರೀ, ಬಾಗ್ಲು ತೆಗೀರಿ" ಎಂದಳು ಸುಮಂಗಲಾ. "ತೆಗೆಯಲ್ಲ" ಎಂದೆ. "ಅದು ಕೇಳ್ತಾ ಐತೆ, ತೆಗೀರಿ!" "ಕೇಳಲಿ. ಅದಕ್ಕೆ ನಾವು ಬೇಡವಾದರೂ ನನಗೆ ಅದು ಬೇಕು" ಎಂದು ಗಟ್ಟಿಯಾಗಿ ಅಪ್ಪಿಕೊಂಡೆ. ಬೆಳಗಿನ ಬಂಡೆಗಳು, ನೇರಳೆ ಬಣ್ಣ, ನಾವಿಬ್ಬರೂ ನಿಂತು ನೋಡಿದ್ದು, ಎಲ್ಲವನ್ನೂ ಅದರ ಕಿವಿಯಲ್ಲಿ ಹೇಳತೊಡಗಿದೆ. ಎಷ್ಟು ಹೊತ್ತು ಹೇಳಿದೆನೋ. ಹೊರಗೆ ಮಂದೆಯ ಸದ್ದು ದೂರವಾಗುತ್ತಾ ಬಂತು. ಮರಿ ಕೊಸರಾಡುವುದನ್ನು ನಿಲ್ಲಿಸಿತು. ಅದರ ಮೈ ಸಡಿಲವಾಯಿತು. ಒಪ್ಪಿಕೊಂಡಿತು, ನಮ್ಮನ್ನೇ ಆರಿಸಿಕೊಂಡಿತು ಎಂದು ನನಗೆ ಹಿತವಾಗುತ್ತಿರುವಾಗಲೇ ತೊಡೆಯೆಲ್ಲ ಬೆಚ್ಚಗಾಯಿತು.

ಕುಡಿದ ಮಜ್ಜಿಗೆಯೆಲ್ಲ ಇತ್ತು.

ಸುಮಂಗಲಾ ಬಗ್ಗಿ ನೆಲವನ್ನು ನೋಡಿದಳು. ನನ್ನ ಪಂಚೆ ಕುಡಿದುಕೊಂಡಿತ್ತು, ಟೈಲ್ಸಿನ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ. ಅವಳು ಮೋಡನ ತಲೆ ಸವರಿದಳು, ಸೆರಗಿನಿಂದ ಅದರ ಕಾಲು ಒರೆಸಿದಳು. ಜುಂಜಪ್ಪನಿಗೆ ಹೇಳಿದಳು: "ನೋಡಪ್ಪ, ನಾಯಿ ಬಾಗಿಲ ಹತ್ರ ಹೋಗಿ ಬಾಯಿಬಿಟ್ಟು ಕೇಳ್ತು. ಅದರ ಕಡೆಯಿಂದ ಏನೂ ತಪ್ಪಿಲ್ಲ. ಅದು ಇಲ್ಲೇ ಇರ್ತೈತೆ. ಒಗ್ಗದೇ ಇರೋರು ಇವರೊಬ್ಬರೇ, ಬೇಕಾದ್ರೆ ಇವರನ್ನ ಕರ್ಕಂಡು ಹೋಗು."

ಜುಂಜಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದ. ನಿಜವಾಗಿಯೂ ಯೋಚನೆ ಮಾಡುತ್ತಿದ್ದಾನೆ ಎಂದು ನನಗೆ ಗಾಬರಿಯಾಯಿತು. "ಬ್ಯಾಡವ್ವ" ಎಂದ ಕೊನೆಗೆ. "ಹಿಂಗೆ ಎತ್ಲಾಗೋ ನೋಡ್ಕಂಡು ನಿಂತ್ಕಳೋವು ನಮ್ಮಲ್ಲಿ ಆಗ್ಲೇ ಸಾಕಷ್ಟು ಅವೆ." ಅಷ್ಟು ಹೇಳಿ ಮಂದೆಯ ಹಿಂದೆ ಹೋದ.

ನಾನು ಪಂಚೆ ಬದಲಾಯಿಸಲು ಒಳಕೋಣೆಯ ಕಡೆ ಒಂದು ಹೆಜ್ಜೆ ಇಟ್ಟೆ. "ಅಲ್ಲೇ ನಿಂತ್ಕಳ್ರಿ!" ಎಂದು ಸುಮಂಗಲಾ ಕೂಗಿದಳು. "ನೆಲದ ಮೇಲೆ ತೊಟ್ಟಿಕ್ಕುತ್ತೆ. ಹೊರಗೆ ಹೋಗಿ ಹಿಂಡ್ಕಂಡು ಬರ್ರಿ." ಖಾಲಿ ಸೈಟಿಗೆ ಹೋಗಿ ಹಿಂಡಿದೆ. ಕೋಟೆಯ ಮೇಲೆ ಕರಿಮೋಡಗಳು ಗುಡ್ಡೆ ಬಿದ್ದಿದ್ದವು. ಮಂದೆಯ ಧೂಳು ಹಿರೇಗುಂಟನೂರಿನ ದಾರಿಯಲ್ಲಿ ಸಣ್ಣದಾಗುತ್ತಾ ಹೋಗುತ್ತಿತ್ತು. ಬಹಳ ದಿನದ ಮೇಲೆ ಮನಸ್ಸು ಹಗುರವಾಗಿ ಅದನ್ನೇ ನೋಡುತ್ತಾ ನಿಂತೆ. ಮಳೆ ದಪ್ಪ ದಪ್ಪ ಹನಿಯಾಗಿ ಬಿದ್ದು ತಲೆ ತೊಯ್ದ ಮೇಲೇ ಎಚ್ಚರವಾದದ್ದು. ತಿರುಗಿ ನೋಡಿದರೆ ಬಾಗಿಲು ಹಾಕಿತ್ತು. ಒಳಗೆ ಮಿಷನ್ನು ಓಡುತ್ತಿತ್ತು. ಕಿಟಕಿಯಲ್ಲಿ ಮೋಡ ಒಣಗಿದ ಮೈಯಲ್ಲಿ ಬೆಚ್ಚಗೆ ಕೂತು ನನ್ನನ್ನು ನೋಡುತ್ತಿತ್ತು. ಬಾಗಿಲು ಬಡಿದೆ. ಮಿಷನ್ನಿನ ಸದ್ದಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ. ಇನ್ನೇನು ಮಾಡಲಿ? ಆ ಕಡೆ ಈ ಕಡೆ ನೋಡಿದೆ, ಯಾರೂ ಇರಲಿಲ್ಲ. ಬಾಗಿಲಿಗೆ ಮುಖ ಒತ್ತಿ, ಕುಂಯ್ ಎಂದೆ. ತಕ್ಷಣ ಚಿಲಕ ತೆಗೆದಳು.